ನೂಡಲ್ಸ್: ಎರಡು ನಿಮಿಷದ ಅಡುಗೆಯ ಹಿಂದಿನ ಕಥೆ

ಸಂಜೆ ಏಳು ಗಂಟೆ. ಕೆಲಸದಿಂದ ಬಂದ ತಾಯಿ ಇನ್ನೂ ಕೈಕಾಲು ತೊಳೆದಿಲ್ಲ, ಮಕ್ಕಳಿಗೆ ಆಗಲೇ ಹಸಿವು. ಬೆಳಗಿನ ಹುಳಿ ಉಳಿದಿದೆ, ಆದರೆ ಅನ್ನ ಇಡಬೇಕು. ಅಷ್ಟರೊಳಗೆ ಒಲೆಯ ಮೇಲೆ ನೀರು ಕುದಿಯುತ್ತದೆ, ಪೊಟ್ಟಣ ಹರಿಯುತ್ತದೆ, ತಟ್ಟೆ ತುಂಬುತ್ತದೆ. ಅಡುಗೆ ಬಾರದ ಅಪ್ಪನೂ ಮಾಡಬಲ್ಲ ತಿನಿಸು ಎಂಬ ಖ್ಯಾತಿ ನೂಡಲ್ಸಿಗೆ ಇದೆ. ನಗರದ ಮನೆಗಳಲ್ಲಂತೂ ಉಪ್ಪಿಟ್ಟು, ಅವಲಕ್ಕಿಯ ಸಾಲಿನಲ್ಲಿ ಅದೂ ಕುಳಿತುಬಿಟ್ಟಿದೆ.

ಆದರೆ ನೂಡಲ್ಸ್ ಸುಲಭದ ಅಡುಗೆ ಎಂಬುದು ತೀರಾ ಇತ್ತೀಚಿನ ಮಾತು. ಅದರ ದೀರ್ಘ ಚರಿತ್ರೆಯ ಬಹುಪಾಲು ಕಾಲ ಅದು ತೋಳು ನೋಯುವಷ್ಟು ಶ್ರಮ ಬೇಡುವ ಕೆಲಸವಾಗಿತ್ತು.

ಆ ಶ್ರಮ ಎಂಥದ್ದೆಂದು ತಿಳಿಯಲು ಚೀನಾಕ್ಕೆ ಹೋಗಬೇಕಿಲ್ಲ. ಮಲೆನಾಡಿನ ಮನೆಗಳಲ್ಲಿ ಒತ್ತು ಶ್ಯಾವಿಗೆ ಮಾಡುವ ದಿನವನ್ನು ನೆನೆದರೆ ಸಾಕು. ಅಕ್ಕಿ ನೆನೆಹಾಕಿ, ರುಬ್ಬಿ, ಹಿಟ್ಟು ಕಾಯಿಸಿ, ಉಂಡೆ ಕಟ್ಟಿ ಬೇಯಿಸಿ, ಬಿಸಿ ಆರುವ ಮೊದಲೇ ಒರಳಿಗೆ ತುಂಬಿ ಒತ್ತಬೇಕು. ಒಬ್ಬರು ಉಂಡೆ ಹಾಕಲು, ಒಬ್ಬರು ಒತ್ತಲು, ಇನ್ನೊಬ್ಬರು ಕೆಳಗೆ ತಟ್ಟೆ ಹಿಡಿಯಲು. ಆಮೇಲೆ ಬೆಲ್ಲ ಹಾಕಿದ ಕಾಯಿಹಾಲು. ಉತ್ತರ ಕರ್ನಾಟಕದಲ್ಲಿ ಗೋಧಿ ಶ್ಯಾವಿಗೆ ಬೇಸಿಗೆಯ ಕೆಲಸ. ಓಣಿಯ ಹೆಣ್ಣುಮಕ್ಕಳು ಒಟ್ಟು ಸೇರಿ ಮಣೆಯ ಮೇಲೆ ಹೊಸೆದು, ಎಳೆದು, ಕೋಲುಗಳ ಮೇಲೆ ಒಣಗಿಸಿ ವರ್ಷಕ್ಕಾಗುವಷ್ಟು ಡಬ್ಬಿ ತುಂಬಿಡುತ್ತಿದ್ದರು.

ಅಕ್ಕಿಯದನ್ನು ಒತ್ತುವುದು, ಗೋಧಿಯದನ್ನು ಎಳೆಯುವುದು ಬರೀ ರೂಢಿಯಲ್ಲ. ಗೋಧಿ ಹಿಟ್ಟಿಗೆ ನೀರು ಬಿದ್ದು ನಾದಿದಾಗ ಗ್ಲುಟೆನ್ ಎಂಬ ಜಿಗುಟು ಬಲೆ ಹುಟ್ಟುತ್ತದೆ. ಎಳೆದರೆ ಹಿಗ್ಗುತ್ತದೆ, ಹರಿಯುವುದಿಲ್ಲ. ಅಕ್ಕಿ, ರಾಗಿಗಳಲ್ಲಿ ಅದಿಲ್ಲ. ಅವುಗಳ ಹಿಟ್ಟನ್ನು ಮೊದಲು ಬೇಯಿಸಿ ಅಂಟು ಬರಿಸಿ, ತೂತಿನ ಅಚ್ಚಿನಿಂದ ಬಲವಾಗಿ ಒತ್ತಿಯೇ ಎಳೆ ತೆಗೆಯಬೇಕು. ಏಷ್ಯಾದ ಹಲವೆಡೆ ಇದೇ ರೂಢಿ. ವಿಯೆಟ್ನಾಮಿನ ಅಕ್ಕಿಯ 'ಬುನ್' ಕೂಡ ಅಚ್ಚಿನಿಂದಲೇ ಕುದಿಯುವ ನೀರಿಗೆ ಇಳಿಯುತ್ತದೆ.

ಮಗುಚಿಬಿದ್ದ ಬಟ್ಟಲು

ಚೀನಾದ ಚಿಂಘೈ ಪ್ರಾಂತ್ಯದಲ್ಲಿ, ಹಳದಿ ನದಿಯ ಮೇಲ್ದಂಡೆಯಲ್ಲಿ ಲಾಜಿಯಾ ಎಂಬ ಹಳೆಯ ಊರಿನ ಅವಶೇಷಗಳಿವೆ. ಸುಮಾರು 4,000 ವರ್ಷಗಳ ಹಿಂದೆ ಭೂಕಂಪ ಮತ್ತು ಪ್ರವಾಹಕ್ಕೆ ಸಿಕ್ಕಿ ಆ ಊರು ಮಣ್ಣಿನಡಿ ಸೇರಿತು. ಉತ್ಖನನದಲ್ಲಿ ಮಗುಚಿಬಿದ್ದ ಮಣ್ಣಿನ ಬಟ್ಟಲೊಂದು ದೊರೆಯಿತು. ಅದನ್ನೆತ್ತಿದಾಗ ಕೆಳಗೆ ಹಳದಿ ಬಣ್ಣದ ಎಳೆಗಳ ರಾಶಿ! ಒಂದೊಂದು ಎಳೆ ಅರ್ಧ ಮೀಟರಿನಷ್ಟು ಉದ್ದ. 2005ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆ ಈ ಸುದ್ದಿ ಪ್ರಕಟಿಸಿದಾಗ ಜಗತ್ತೆಲ್ಲ ಬೆರಗಾಯಿತು. ಎಳೆಗಳಲ್ಲಿದ್ದದ್ದು ಗೋಧಿಯಲ್ಲ, ನವಣೆ ಮತ್ತು ಬರಗು ಎಂದು ಸಂಶೋಧಕರು ಹೇಳಿದರು.

ತಕರಾರು ಹುಟ್ಟಿದ್ದು ಅಲ್ಲಿಯೇ. ಅಂಟಿಲ್ಲದ ನವಣೆ ಹಿಟ್ಟನ್ನು ಅಷ್ಟುದ್ದ ಎಳೆಯುವುದು ಸಾಧ್ಯವೇ ಎಂದು ಬೇರೆ ವಿದ್ವಾಂಸರು ಕೇಳಿದರು. ಬೇಯಿಸಿ ಒತ್ತಿ ತೆಗೆದಿರಬೇಕು ಎಂಬ ಉತ್ತರವೂ ಬಂತು. ರಾಗಿ ಶ್ಯಾವಿಗೆ ಒತ್ತಿ ಗೊತ್ತಿರುವ ಯಾವ ಅಜ್ಜಿಯೂ ಈ ಚರ್ಚೆಯಲ್ಲಿ ಧಾರಾಳವಾಗಿ ಪಾಲ್ಗೊಳ್ಳಬಹುದಿತ್ತು.

ಬರಹದ ಸಾಕ್ಷ್ಯ ಇನ್ನೂ ಸ್ಪಷ್ಟ. ಆರನೇ ಶತಮಾನದಲ್ಲಿ ಜಿಯಾ ಸಿಶೇ ಎಂಬ ಅಧಿಕಾರಿ ಬರೆದ ಕೃಷಿ ಗ್ರಂಥದಲ್ಲಿ ನೂಡಲ್ಸ್ ಮಾಡುವ ವಿಧಾನವಿದೆ. ಹಿಟ್ಟನ್ನು ಆರಿದ ಮಾಂಸದ ಸಾರಿನಲ್ಲಿ ಕಲಸಬೇಕು. ಊಟದ ಕಡ್ಡಿಯ ದಪ್ಪಕ್ಕೆ ಹೊಸೆದು, ಅಡಿಯುದ್ದಕ್ಕೆ ತುಂಡರಿಸಿ ನೀರಿನಲ್ಲಿ ನೆನೆಸಬೇಕು. ಕೊನೆಗೆ ಕುದಿಯುವ ಪಾತ್ರೆಯ ಮೇಲೆಯೇ ಕೈ ಚಾಚಿ ಬೆರಳಲ್ಲಿ ಒತ್ತಿ ಎಲೆಯಷ್ಟು ತೆಳ್ಳಗೆ ಮಾಡಿ ಒಳಗೆ ಬಿಡಬೇಕು. ಆವಿಗೆ ಕೈ ಸುಟ್ಟುಕೊಂಡವರು ಎಷ್ಟೋ!

ಮುಂದೆ ಚೀನಾದ ದೊಡ್ಡ ಪಟ್ಟಣಗಳಲ್ಲಿ ನೂಡಲ್ಸ್ ಅಂಗಡಿಗಳೇ ಎದ್ದವು. ಹಿಟ್ಟಿಗೆ ಕ್ಷಾರದ ಉಪ್ಪು ಬೆರೆಸಿದರೆ ಎಳೆ ಗಟ್ಟಿಯಾಗಿ ಹಳದಿ ಬಣ್ಣ ಬರುತ್ತದೆಂಬುದೂ ತಿಳಿಯಿತು. ನಮ್ಮ ಹಪ್ಪಳದ ಹಿಟ್ಟಿಗೆ ಹಾಕುವ ಪಾಪಡ್ ಖಾರ ಇದರ ಹತ್ತಿರದ ಬಂಧು. ಅಂದ ಹಾಗೆ, ಮಾರ್ಕೊ ಪೋಲೊ ಈ ವಿದ್ಯೆಯನ್ನು ಚೀನಾದಿಂದ ಇಟಲಿಗೆ ಒಯ್ದ ಎಂಬುದು ಕಟ್ಟುಕಥೆ. ಅವನು ಹುಟ್ಟುವುದಕ್ಕೆ 100 ವರ್ಷ ಮೊದಲೇ, 1154ರಲ್ಲಿ, ಸಿಸಿಲಿಯಲ್ಲಿ ಹಿಟ್ಟಿನ ಎಳೆಗಳನ್ನು ತಯಾರಿಸಿ ಹಡಗಿನಲ್ಲಿ ಕಳಿಸುತ್ತಿದ್ದುದನ್ನು ಭೂಗೋಳ ಪಂಡಿತ ಅಲ್ ಇದ್ರಿಸಿ ಬರೆದಿಟ್ಟಿದ್ದಾನೆ.

ಒಸಾಕದ ಸಾಲು

ನೂಡಲ್ಸ್ ಇಂದಿನ ರೂಪದಲ್ಲಿ ಮನೆ ಸೇರಿದ್ದಕ್ಕೆ ಕಾರಣ ಹಸಿವು. ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನಿನ ನಗರಗಳು ಬೂದಿಯಾಗಿದ್ದವು. ಒಸಾಕದ ಉಮೆಡಾ ನಿಲ್ದಾಣದ ಬಳಿಯ ಕಾಳಸಂತೆಯಲ್ಲಿ ಒಂದು ಬಟ್ಟಲು ಬಿಸಿ ರಾಮೆನ್‌ಗಾಗಿ ಜನ ಚಳಿಯಲ್ಲಿ ನಡುಗುತ್ತ ಉದ್ದದ ಸಾಲು ನಿಂತಿದ್ದನ್ನು ಮೊಮೊಫುಕು ಆಂಡೊ ಎಂಬ ವ್ಯಾಪಾರಿ ಕಂಡರು. 1910ರಲ್ಲಿ, ಆಗ ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನಲ್ಲಿ ಹುಟ್ಟಿ ಒಸಾಕಕ್ಕೆ ಬಂದು ನೆಲೆಸಿದ್ದವರು ಅವರು.

ಆ ದಿನಗಳಲ್ಲಿ ಅಮೆರಿಕದ ಗೋಧಿ ಹಿಟ್ಟು ನೆರವಿನ ರೂಪದಲ್ಲಿ ಜಪಾನಿಗೆ ಹರಿದು ಬರುತ್ತಿತ್ತು. ಶಾಲೆಯ ಊಟದಲ್ಲಿ ಬ್ರೆಡ್ಡು, ಸರ್ಕಾರದ ಪ್ರಚಾರದಲ್ಲೂ ಬ್ರೆಡ್ಡು. ಪೂರ್ವದವರು ಸಾವಿರಾರು ವರ್ಷಗಳಿಂದ ಗೋಧಿಯನ್ನು ನೂಡಲ್ಸ್ ಮಾಡಿ ತಿಂದವರು, ಅದಕ್ಕೇಕೆ ಪ್ರೋತ್ಸಾಹವಿಲ್ಲ ಎಂದು ಆಂಡೊ ಅಧಿಕಾರಿಗಳನ್ನು ಕೇಳಿದರಂತೆ. ನೂಡಲ್ಸ್ ತಯಾರಿಸುವವರೆಲ್ಲ ಸಣ್ಣ ಅಂಗಡಿಯವರು, ದೊಡ್ಡ ಪ್ರಮಾಣದಲ್ಲಿ ಒದಗಿಸಲಾರರು ಎಂಬ ಉತ್ತರ ಸಿಕ್ಕಿತು.

ಆ ಮಾತು ಮನಸ್ಸಿನಲ್ಲಿ ಉಳಿದರೂ ಅವರು ಕೂಡಲೇ ಕೆಲಸಕ್ಕೆ ಇಳಿಯಲಿಲ್ಲ. 1948ರಲ್ಲಿ ತೆರಿಗೆಯ ಪ್ರಕರಣದಲ್ಲಿ ಜೈಲು ಕಂಡರು. 1957ರಲ್ಲಿ ತಾವು ಮುಖ್ಯಸ್ಥರಾಗಿದ್ದ ಸಾಲ ಸಹಕಾರ ಸಂಸ್ಥೆ ಕುಸಿದು, ಇಕೆಡಾದ ಬಾಡಿಗೆ ಮನೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಹೋಯಿತು. ವಯಸ್ಸು 47. ಹಿತ್ತಲಲ್ಲಿ ಸಣ್ಣ ಗುಡಿಸಲು ಕಟ್ಟಿಸಿ, ಹಳೆಯ ನೂಡಲ್ಸ್ ಯಂತ್ರವೊಂದನ್ನು ತಂದು, ಸೈಕಲ್ಲಿನ ಮೇಲೆ ಹಿಟ್ಟು ಹೇರಿಕೊಂಡು ಬಂದು ಪ್ರಯೋಗ ಆರಂಭಿಸಿದರು. ರುಚಿ ಇರಬೇಕು, ಕೆಡಬಾರದು, ಅಗ್ಗವಾಗಿರಬೇಕು, ಬಿಸಿನೀರು ಸಾಕು ಅನ್ನುವಂತಿರಬೇಕು. ಬಿಸಿಲಲ್ಲಿ ಒಣಗಿಸಿದ ಎಳೆ ಮತ್ತೆ ಮೆತ್ತಗಾಗಲು ಹೊತ್ತು ಹಿಡಿಯುತ್ತಿತ್ತು.

ದಾರಿ ತೋರಿದ್ದು ಅಡುಗೆಮನೆ. ಹೆಂಡತಿ ಮಸಾಕೊ ತೆಂಪುರಾ ಕರಿಯುತ್ತಿದ್ದರು. ಹಿಟ್ಟು ಎಣ್ಣೆಗೆ ಬಿದ್ದ ಕೂಡಲೇ ಸೊರ್ರೆಂದು ನೀರು ಬಿಡುವುದನ್ನೂ, ಮೈತುಂಬ ಸಣ್ಣ ತೂತು ಬೀಳುವುದನ್ನೂ ಆಂಡೊ ಗಮನಿಸಿದರು. ಬೇಯಿಸಿದ ನೂಡಲ್ಸನ್ನು ಕರಿದರೆ ಒಳಗಿನ ನೀರು ಆವಿಯಾಗಿ ಹಾರಿ ಜಾಗ ಖಾಲಿಯಾಗುತ್ತದೆ. ಬಿಸಿನೀರು ಹೊಯ್ದರೆ ಅದೇ ತೂತುಗಳಿಂದ ಒಳನುಗ್ಗಿ ಕ್ಷಣದಲ್ಲಿ ಎಳೆ ಮೆತ್ತಗಾಗುತ್ತದೆ. ಎರಡು ನಿಮಿಷದ ಗುಟ್ಟು ಇಷ್ಟೇ. ಸಂಡಿಗೆ ಕರಿದು ಬಲ್ಲವರಿಗೆ ಇದು ಹೊಸತೆನಿಸದು. ಆದರೆ ಕಂಪನಿ ಹೇಳುತ್ತ ಬಂದ ಕಥೆಯಲ್ಲಿ ಮಸಾಕೊ ಬಾಣಲೆಯ ಮುಂದೆ ಒಂದು ಗಳಿಗೆ ಕಾಣಿಸಿಕೊಂಡು ಮರೆಯಾಗುತ್ತಾರೆ; ಆರಂಭದ ದಿನಗಳಲ್ಲಿ ಮನೆಮಂದಿಯೆಲ್ಲ ಪೊಟ್ಟಣ ಕಟ್ಟಲು ಕುಳಿತಿದ್ದರೆಂಬುದು ಅಷ್ಟಾಗಿ ಪ್ರಸಿದ್ಧವಲ್ಲ. ಕರಿದ ನೂಡಲ್ಸಿನ ಕಲ್ಪನೆ ಆಂಡೊ ಒಬ್ಬರದೇ ಎನ್ನುವಂತೆಯೂ ಇಲ್ಲ. ತೈವಾನಿನಲ್ಲಿ ಅಂಥ ತಿನಿಸು ಇತ್ತು, ಮತ್ತೊಬ್ಬ ತೈವಾನ್ ಮೂಲದ ತಯಾರಕರ ಪೇಟೆಂಟ್ ಅರ್ಜಿಯ ಹಕ್ಕನ್ನು ಆಂಡೊ ಮುಂದೆ ಹಣ ಕೊಟ್ಟು ಕೊಳ್ಳಬೇಕಾಯಿತು.

1958ರ ಆಗಸ್ಟ್ 25ರಂದು 'ಚಿಕನ್ ರಾಮೆನ್' ಮಾರುಕಟ್ಟೆಗೆ ಬಂತು. ಬೆಲೆ 35 ಯೆನ್. ಹಸಿ ಉಡಾನ್ ನೂಡಲ್ಸ್ 6 ಯೆನ್‌ಗೆ ಸಿಗುತ್ತಿದ್ದ ಕಾಲ. ಸಗಟು ವ್ಯಾಪಾರಿಗಳು ಮೂಗು ಮುರಿದರು. ಕೊಂಡವರು ಮಾತ್ರ ಮತ್ತೆ ಬಂದರು. ಸೂಪರ್ ಮಾರ್ಕೆಟ್ಟು, ಟೆಲಿವಿಷನ್ ಎರಡೂ ಜಪಾನಿನಲ್ಲಿ ಆಗಷ್ಟೇ ಹರಡುತ್ತಿದ್ದವು, ಎರಡೂ ಇದಕ್ಕೆ ಹೆಗಲು ಕೊಟ್ಟವು. 1971ರಲ್ಲಿ 'ಕಪ್ ನೂಡಲ್' ಬಂದಾಗ ಬಟ್ಟಲೂ ಬೇಡವಾಯಿತು.

ಕೊರಿಯಾದಲ್ಲೂ ಇದೇ ಕಥೆ. ಸೋಲ್‌ನ ನಂದೇಮುನ್ ಮಾರುಕಟ್ಟೆಯಲ್ಲಿ, ಅಮೆರಿಕನ್ ಸೈನಿಕ ಶಿಬಿರಗಳ ಎಂಜಲಿನಿಂದ ಕುದಿಸಿದ ಗಂಜಿಗೆ ಬಡವರು ಸಾಲು ನಿಂತದ್ದನ್ನು ನೋಡಲಾರದೆ ಉದ್ಯಮಿಯೊಬ್ಬರು ಜಪಾನಿನಿಂದ ಯಂತ್ರ ತರಿಸಿದರು. 1963ರಲ್ಲಿ 10 ವೊನ್ ಬೆಲೆಗೆ 'ಸಮ್‌ಯಾಂಗ್' ಪೊಟ್ಟಣ ಹೊರಬಂತು. ಇಂಡೊನೇಷ್ಯಾದ 'ಇಂಡೊಮಿ' 1972ರದು.

ಭಾರತಕ್ಕೆ ಎರಡು ಬಾಗಿಲು

ಭಾರತದ ಮನೆಗಳಿಗೆ ನೂಡಲ್ಸ್ ಎರಡು ಕಡೆಯಿಂದ ಬಂತು. ಒಂದು ಕೋಲ್ಕತ್ತ. ಅಲ್ಲಿನ ಟ್ಯಾಂಗ್ರಾದಲ್ಲಿ ಚರ್ಮ ಹದ ಮಾಡುತ್ತಿದ್ದ ಹಕ್ಕಾ ಚೀನೀಯರ ಅಡುಗೆ ಸಾಸಿವೆಯೆಣ್ಣೆ, ಹಸಿಮೆಣಸಿನಕಾಯಿಗಳ ನಾಡಿನಲ್ಲಿ ರೂಪ ಬದಲಿಸಿತು. ಇಂದು ಹಳ್ಳಿಯ ಜಾತ್ರೆಯಲ್ಲೂ ಸಿಗುವ 'ಹಕ್ಕಾ ನೂಡಲ್ಸ್' ಹೆಸರು ಬಂದದ್ದು ಈ ಸಮುದಾಯದಿಂದ. 1962ರಲ್ಲಿ ಚೀನಾದೊಂದಿಗೆ ಯುದ್ಧವಾದಾಗ, ಇಲ್ಲಿಯೇ ಹುಟ್ಟಿ ಬೆಳೆದವರೂ ಸೇರಿದಂತೆ ಸುಮಾರು 3,000 ಚೀನೀ ಮೂಲದವರನ್ನು ಹಿಡಿದು ರಾಜಸ್ಥಾನದ ದೇವ್ಲಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಕೆಲವರು ಹೊರಬರಲು ವರ್ಷಗಳೇ ಹಿಡಿದವು. ಬಿಡುಗಡೆಯಾದ ಎಷ್ಟೋ ಕುಟುಂಬಗಳು ಕೆನಡಾದಂಥ ದೇಶಗಳಿಗೆ ಹೋದವು. ಅವರ ಅಡುಗೆಯನ್ನು ಮಾತ್ರ ಯಾರೂ ಪರಕೀಯವೆಂದು ದೂರ ಇಡಲಿಲ್ಲ.

ಮನೆಯಲ್ಲಿ ಮಾಡುವವರಿಗೆ ಹಕ್ಕಾ ನೂಡಲ್ಸ್ ಮೊದಲ ಸಲ ಮುದ್ದೆಯಾಗುವುದೇ ಹೆಚ್ಚು. ಕಾರಣ ಸರಳ. ಬೆಂದ ಎಳೆಯ ಮೈಮೇಲೆ ಪಿಷ್ಟದ ಗಂಜಿ ಉಳಿದಿರುತ್ತದೆ, ಆರುತ್ತಿದ್ದಂತೆ ಅಂಟಾಗುತ್ತದೆ. ಧಾರಾಳ ನೀರಿನಲ್ಲಿ, ಒಂದಿಷ್ಟು ಗಟ್ಟಿ ಇರುವಾಗಲೇ ಬಸಿದು, ತಣ್ಣೀರು ಹೊಯ್ದು ಗಂಜಿ ತೊಳೆದು, ಒಂದು ಚಮಚ ಎಣ್ಣೆ ಸವರಿಟ್ಟರೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಎಲೆಕೋಸು, ಗಜ್ಜರಿ, ದೊಣ್ಣೆಮೆಣಸಿನಕಾಯಿಗಳನ್ನು ದೊಡ್ಡ ಉರಿಯಲ್ಲಿ ಬಾಡಿಸಿ, ಸೋಯಾ ಸಾಸ್, ವಿನೆಗರ್ ಚಿಮುಕಿಸಿ, ನೂಡಲ್ಸ್ ಹಾಕಿ ಎತ್ತಿ ತಿರುವಬೇಕು. ಉರಿ ಸಣ್ಣದಾದರೆ ಅಥವಾ ಬಾಣಲೆ ತುಂಬ ತುರುಕಿದರೆ ತರಕಾರಿ ನೀರು ಬಿಟ್ಟುಕೊಂಡು ಎಲ್ಲ ಬೆಂದ ಪಲ್ಯವಾಗುತ್ತದೆ. ಆರು ಜನರ ಮನೆಯಾದರೆ ಎರಡು ಸಲ ಮಾಡುವುದೇ ಲೇಸು.

ಎರಡನೆಯ ಬಾಗಿಲು 1983ರಲ್ಲಿ ತೆರೆಯಿತು. ಸ್ವಿಟ್ಜರ್ಲೆಂಡಿನ ಹಿಟ್ಟಿನ ಗಿರಣಿಯ ಒಡೆಯ ಜೂಲಿಯಸ್ ಮ್ಯಾಗಿ 1880ರ ದಶಕದಲ್ಲಿ ಕಾರ್ಖಾನೆಯ ಕೆಲಸಕ್ಕೆ ಹೋಗುವ ಹೆಂಗಸರಿಗಾಗಿ ಬೇಳೆಕಾಳಿನ ದಿಢೀರ್ ಸೂಪ್ ತಯಾರಿಸಿದ್ದ. ನೂರು ವರ್ಷದ ನಂತರ ಅವನ ಹೆಸರು ಹೊತ್ತ ನೂಡಲ್ಸನ್ನು ನೆಸ್ಲೆ ಕಂಪನಿ ಭಾರತದ ತಾಯಂದಿರ ಮುಂದಿಟ್ಟಿತು. 1984ರಲ್ಲಿ ದೂರದರ್ಶನದ 'ಹಮ್ ಲೋಗ್' ಧಾರಾವಾಹಿಯ ಪ್ರಾಯೋಜಕ ಅದೇ. ಊಟವೆಂದು ಮಾರಲಿಲ್ಲ, ಊಟದ ವಿಷಯದಲ್ಲಿ ಭಾರತೀಯರು ಹಟಮಾರಿಗಳು. ಶಾಲೆ ಬಿಟ್ಟ ಮೇಲೆ, ರಾತ್ರಿಯ ಊಟಕ್ಕೆ ಮೊದಲು ಇರುವ ಖಾಲಿ ಹೊತ್ತಿಗೆ ಗುರಿಯಿಟ್ಟರು. 2023ರಲ್ಲಿ ಜಗತ್ತು ತಿಂದ ಸುಮಾರು 12,000 ಕೋಟಿ ಪೊಟ್ಟಣಗಳಲ್ಲಿ ಭಾರತದ ಪಾಲು 860 ಕೋಟಿಗೂ ಹೆಚ್ಚು. ಚೀನಾ, ಇಂಡೊನೇಷ್ಯಾದ ನಂತರದ ಸ್ಥಾನ.

ಕೆಲಸವನ್ನು ಬೇರೆಯವರ ಕೈಗೆ ಒಪ್ಪಿಸಿದ ಮೇಲೆ ನಂಬಿಕೆಯನ್ನೂ ಒಪ್ಪಿಸಬೇಕಾಗುತ್ತದೆ. ಅದು ಎಷ್ಟು ನಾಜೂಕಿನದೆಂದು 2015ರಲ್ಲಿ ಕಂಡಿತು. ಉತ್ತರ ಪ್ರದೇಶದಲ್ಲಿ ತೆಗೆದ ಮಾದರಿಯೊಂದರಲ್ಲಿ ಸೀಸದ ಅಂಶ 17.2 ಪಿಪಿಎಂ ಇದೆ ಎಂದು ವರದಿ ಬಂತು, ಮಿತಿ 2.5. ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಮಾರಾಟ ನಿಲ್ಲಿಸಲು ಆದೇಶಿಸಿತು. ಅಂಗಡಿಗಳಿಂದ ಹಿಂದಕ್ಕೆ ಬಂದ 27 ಸಾವಿರ ಟನ್ನಿಗೂ ಹೆಚ್ಚು ಸರಕನ್ನು ಸಿಮೆಂಟ್ ಕಾರ್ಖಾನೆಗಳ ಕುಲುಮೆಯಲ್ಲಿ ಸುಡಲು ಕಂಪನಿ ಏರ್ಪಾಡು ಮಾಡಿತು. ಮೈಸೂರಿನ ಸಿಎಫ್‌ಟಿಆರ್‌ಐ ಪ್ರಯೋಗಾಲಯ, ಗೋವಾ ಸರ್ಕಾರ ಕಳಿಸಿದ ಮಾದರಿಗಳು ನಿಯಮದೊಳಗೇ ಇವೆ ಎಂದಿತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದುಪಡಿಸಿ ಮೂರು ಪ್ರಯೋಗಾಲಯಗಳಲ್ಲಿ ಮರುಪರೀಕ್ಷೆಗೆ ಸೂಚಿಸಿತು. ಅಲ್ಲಿಯೂ ಸೀಸ ಮಿತಿಯೊಳಗಿತ್ತು. ನವೆಂಬರಿನಲ್ಲಿ ಪೊಟ್ಟಣ ಮರಳಿ ಬಂದಾಗ ಅದನ್ನು ತಯಾರಿಸಿದ ಮೂರು ಕಾರ್ಖಾನೆಗಳಲ್ಲಿ ನಂಜನಗೂಡಿನದೂ ಒಂದು.

ಸೀಸದ ಗದ್ದಲದಲ್ಲಿ ಮುಚ್ಚಿಹೋದ ಮಾತೆಂದರೆ ಉಪ್ಪು ಮತ್ತು ಎಣ್ಣೆ. ಕರಿದು ಒಣಗಿಸಿದ ನೂಡಲ್ಸಿನಲ್ಲಿ ಎಣ್ಣೆ ಉಳಿದೇ ಇರುತ್ತದೆ, ಉಪ್ಪಿನ ಹೆಚ್ಚಿನ ಪಾಲು ಮಸಾಲೆಯ ಪುಡಿಯಲ್ಲಿರುತ್ತದೆ. ಅರ್ಧ ಪುಡಿ ಹಾಕಿ, ಬಟಾಣಿ, ಬೀನ್ಸ್, ಒಂದು ಮೊಟ್ಟೆ ಸೇರಿಸುವ ತಾಯಂದಿರು ಇದನ್ನು ಯಾವ ಪ್ರಯೋಗಾಲಯದ ವರದಿಗೂ ಕಾಯದೆ ಕಂಡುಕೊಂಡವರು.

ಮೊಮೊಫುಕು ಆಂಡೊ 2007ರ ಜನವರಿ 5ರಂದು, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಇಕೆಡಾದಲ್ಲಿ ಅವರ ಗುಡಿಸಲಿನ ಪ್ರತಿಕೃತಿ ಇರುವ ವಸ್ತುಸಂಗ್ರಹಾಲಯವಿದೆ. ಅಲ್ಲಿ ಮಕ್ಕಳು ತಂದೆತಾಯಿಯ ಜೊತೆ ಮುಂಗಡವಾಗಿ ಹೆಸರು ನೋಂದಾಯಿಸಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಹಿಟ್ಟು ನಾದಿ, ಲಟ್ಟಿಸಿ, ಕತ್ತರಿಸಿ, ಹಬೆಯಲ್ಲಿ ಬೇಯಿಸಿ ಒಂದೊಂದು ಪೊಟ್ಟಣ ಚಿಕನ್ ರಾಮೆನ್ ತಾವೇ ತಯಾರಿಸಿ ಮನೆಗೊಯ್ಯಬಹುದು. ಅದಕ್ಕೆ ಹಿಡಿಯುವ ಸಮಯ ಸುಮಾರು ಒಂದೂವರೆ ಗಂಟೆ.