ವಿದ್ಯಾರ್ಥಿ ಸಹಕಾರ ಭಂಡಾರ

ವಿದ್ಯಾರ್ಥಿ ಸಹಕಾರ ಭಂಡಾರವು ಶಾಲಾ-ಕಾಲೇಜುಗಳಲ್ಲಿ ಅಧ್ಯಾಪಕರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿಗಳೇ ನಡೆಸುವ, ಪುಸ್ತಕ ಹಾಗೂ ಲೇಖನ ಸಾಮಗ್ರಿಗಳ ಮಾರಾಟ ಮಳಿಗೆ.

ದಾಸ್ತಾನು

ಆರಂಭದ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ ಮಾರಾಟವನ್ನು ಕಳೆದರೆ ಉಳಿಯಬೇಕಾದ ಸರಕು ತಿಳಿಯುತ್ತದೆ. ಉದಾಹರಣೆಗೆ, 40 ನೋಟ್‌ಪುಸ್ತಕಗಳಿದ್ದು, 60 ಖರೀದಿಸಿ, 75 ಮಾರಿದ್ದರೆ 25 ಉಳಿಯಬೇಕು; ಎಣಿಕೆಯಲ್ಲಿ 23 ಸಿಕ್ಕರೆ ಕೊರತೆ 2. ಇದಕ್ಕೆ ಕಳವೇ ಕಾರಣವಾಗಬೇಕಿಲ್ಲ. ರಸೀದಿ ಬರೆಯದ ಮಾರಾಟ, ಹಾಳಾದ ಪ್ರತಿ ಅಥವಾ ಎಣಿಕೆಯ ತಪ್ಪೂ ಇರಬಹುದು.

ನಗದು

ಸರಕು, ನಗದು, ಲೆಕ್ಕ ಮೂರೂ ಒಬ್ಬರ ಕೈಯಲ್ಲಿರದಂತೆ ಕೆಲಸವನ್ನು ಹಂಚಬೇಕು. ದಿನದ ಕೊನೆಯಲ್ಲಿ, ಚಿಲ್ಲರೆಗಾಗಿ ಇಟ್ಟಿದ್ದ ಮೊತ್ತವನ್ನು ಕಳೆದು, ಉಳಿದ ನಗದನ್ನು ಇಬ್ಬರು ಎಣಿಸಿ ಕ್ರಮಸಂಖ್ಯೆಯುಳ್ಳ ರಸೀದಿಗಳ ಮೊತ್ತದೊಂದಿಗೆ ತಾಳೆ ನೋಡಬೇಕು. ವ್ಯತ್ಯಾಸವನ್ನು ಮರೆಮಾಚದೆ ನಗದು ಪುಸ್ತಕದಲ್ಲಿ ದಾಖಲಿಸಬೇಕು. ಮಳಿಗೆಯಲ್ಲಿ ಕುಳಿತ ವಿದ್ಯಾರ್ಥಿಯನ್ನು ಅಕಾರಣ ಸಂಶಯದಿಂದ ಕಾಪಾಡುವುದೂ ಈ ಕ್ರಮದ ಉದ್ದೇಶ.