ಜಾತ್ರೆ ಮುಗಿದ ಮೇಲೆ ತೇರಿನ ಗತಿ?

ಇಟ್ಟಿಗಿಯಿಂದ ಕೊಟ್ಟೂರಿನ ಜಾತ್ರೆಗೆ ಹೋಗುವವರಿಗೆ ಗೊತ್ತು: ತೇರು ಎಳೆಯುವುದು ಒಂದು ದಿನ, ಕಾಪಾಡುವುದು ವರ್ಷವಿಡೀ. ಕ್ರೀಡಾಕೂಟಗಳಿಗೂ ಈ ಮಾತು ಸಲ್ಲುತ್ತದೆ.

ಮೊದಲ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ 2011ರ ಜನವರಿಯಲ್ಲಿ ಭಾರತದಲ್ಲಿ ಜರುಗಿತು. ಔಲಿಯ ಹಿಮದ ಇಳಿಜಾರಿನಲ್ಲಿ ಸ್ಕೀಯಿಂಗ್ ನಡೆದರೆ, ಸ್ಕೇಟಿಂಗ್‌ಗೆಂದು ಡೆಹ್ರಾಡೂನಿನಲ್ಲಿ ಒಳಾಂಗಣ ರಿಂಕ್ ಕಟ್ಟಲಾಯಿತು. ನೆಲದಡಿಯ ಕೊಳವೆಗಳಲ್ಲಿ ಶೀತಲ ದ್ರವ ಹರಿಸಿ ನೀರನ್ನು ಹೆಪ್ಪುಗಟ್ಟಿಸುವ ಇಂಥ ರಿಂಕ್‌ಗೆ ವಿದ್ಯುತ್ ಧಾರಾಳವಾಗಿ ಬೇಕು. ಪದಕಪಟ್ಟಿಯಲ್ಲಿ ಆತಿಥೇಯ ಭಾರತವೇ ಮೊದಲಾಯಿತು. ಆದರೆ ಕೂಟ ಮುಗಿದ ಮೇಲೆ ರಿಂಕ್ ವರ್ಷಗಟ್ಟಲೆ ಮುಚ್ಚಿತ್ತು. ದುರಸ್ತಿಯಾಗಿ ಅಲ್ಲಿ ಏಷ್ಯಾ ಮಟ್ಟದ ಸ್ಪರ್ಧೆ ನಡೆದದ್ದು 2025ರ ಆಗಸ್ಟ್‌ನಲ್ಲಿ.

ಹಿಮವೇ ಬೀಳದ ಕರ್ನಾಟಕ 2024ರ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ 9 ಚಿನ್ನ ಗೆದ್ದು, ಸೇನಾ ತಂಡದ ನಂತರ ಎರಡನೆಯ ಸ್ಥಾನ ಪಡೆಯಿತು. ಕೊಡಗಿನ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿ.ಮೀ. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕಂಚು ಗೆದ್ದರು.

ನಮ್ಮಲ್ಲಿ ಪ್ರತಿಭೆಗೆ ಬರವಿಲ್ಲ. ಬೀಗ ಬಿದ್ದಿದ್ದ ಆ ವರ್ಷಗಳಲ್ಲಿ ಮಂಜುಗಡ್ಡೆಯ ಮೇಲೆ ಕಾಲಿಡಲಾಗದೆ ಉಳಿದ ಮಕ್ಕಳ ಲೆಕ್ಕ ಮಾತ್ರ ಯಾವ ಪದಕಪಟ್ಟಿಯಲ್ಲೂ ಸಿಗದು.