ಅರಮನೆಯಿಂದ ಹಟ್ಟಿಯವರೆಗೆ: ಮೈಸೂರಿನ ಕಾದಂಬರಿ ಓದಿನ ಕತೆ

ಒಂದು ತಿಂಗಳು ಬರೀ ಕಾದಂಬರಿ ಓದುತ್ತೇನೆಂದು ಕೂರುವ ಮೈಸೂರಿನ ಓದುಗ ಪುಸ್ತಕ ಹುಡುಕಿಕೊಂಡು ಊರು ದಾಟಬೇಕಾಗಿಲ್ಲ. ಒಂಟಿಕೊಪ್ಪಲಿನ ‘ಉದಯರವಿ’ಯಲ್ಲಿ ಕುವೆಂಪು, ಚಾಮರಾಜಪುರಂನಲ್ಲಿ ತ್ರಿವೇಣಿ, ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಮತ್ತು ತ.ರಾ.ಸು., ಕುವೆಂಪುನಗರದಲ್ಲಿ ಎಸ್.ಎಲ್. ಭೈರಪ್ಪ ಬಾಳಿದರು. ಬೆಳಗಿನ ಹೊತ್ತು ಸೈಕಲ್ ಹತ್ತಿದರೆ ತಿಂಡಿಯ ಹೊತ್ತಿಗೆ ಈ ಬೀದಿಗಳನ್ನೆಲ್ಲ ಸುತ್ತಿ ಬರಬಹುದು. ಆದರೆ ಈ ಊರಿನ ಓದುಗರಲ್ಲಿ ಹಲವರು ತಮ್ಮ ತಮ್ಮ ಬೀದಿ ಬಿಟ್ಟು ಆಚೆ ಹೋಗುವುದಿಲ್ಲ. ಭೈರಪ್ಪನವರನ್ನು ಓದುವವರ ಕಪಾಟಿನಲ್ಲಿ ದೇವನೂರ ಮಹಾದೇವ ಇರುವುದು ಅಪರೂಪ. ದೇವನೂರರನ್ನು ಮೆಚ್ಚುವವರು ತ್ರಿವೇಣಿಯನ್ನು ಹದಿಹರೆಯದ ಓದೆಂದು ಪಕ್ಕಕ್ಕಿಡುತ್ತಾರೆ. ಇವರನ್ನೆಲ್ಲ ಬೆರೆಸಿ, ಕಾಲದ ಸಾಲಿನಲ್ಲಿಟ್ಟು ಒಂದೇ ತಿಂಗಳಲ್ಲಿ ಓದಿದವರಿಗೆ ಇನ್ನೊಂದು ಕತೆಯೇ ಸಿಗುತ್ತದೆ. ಕಾದಂಬರಿ ಎಂಬುದು ಯಾರ ಮನೆಯಲ್ಲಿ ಹುಟ್ಟಿ ಯಾರ ಯಾರ ಮನೆಯೊಳಗೆ ಹೊಕ್ಕಿತು ಎಂಬ ಕತೆ ಅದು.

ಹುಟ್ಟಿದ್ದು ಅರಮನೆಯ ನೆರಳಿನಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದ ಕೆಂಪುನಾರಾಯಣ 1823ರಲ್ಲಿ ‘ಮುದ್ರಾಮಂಜೂಷ’ ಬರೆದ. ವಿಶಾಖದತ್ತನ ಸಂಸ್ಕೃತ ನಾಟಕ ‘ಮುದ್ರಾರಾಕ್ಷಸ’ದ ಕತೆಯನ್ನು ಹಿಡಿದು, ನಂದರು, ಚಾಣಕ್ಯ, ಚಂದ್ರಗುಪ್ತ, ರಾಕ್ಷಸಮಂತ್ರಿಯರ ಸಂಚು ಪ್ರತಿಸಂಚುಗಳನ್ನು ಗದ್ಯದಲ್ಲಿ ಹೆಣೆದ ಕೃತಿ ಅದು. ಕಾವ್ಯವೆಂದರೆ ಪದ್ಯ, ಓದುವುದೆಂದರೆ ರಾಗವಾಗಿ ಓದಿ ಕೇಳಿಸುವುದು ಎಂದಿದ್ದ ಕಾಲದಲ್ಲಿ ಇಷ್ಟುದ್ದದ ಕತೆಯನ್ನು ಗದ್ಯದಲ್ಲಿ ನಡೆಸಿದ್ದು ಸಣ್ಣ ಧೈರ್ಯವಲ್ಲ. ಹಳಗನ್ನಡದ ನಡಿಗೆ ಇನ್ನೂ ಬಿಟ್ಟಿಲ್ಲದ ಆ ಭಾಷೆ ಇವತ್ತಿನ ಓದುಗನನ್ನು ಮೊದಲ ಪುಟಗಳಲ್ಲಿ ತಡೆಯುತ್ತದೆ. ಒಂದು ಮುದ್ರೆಯುಂಗುರದ ಸುತ್ತ ಸಂಚು ಬಿಗಿಯಾಗುತ್ತ ಹೋದಂತೆ ಅವನೇ ಪುಟ ತಿರುವುವ ಆತುರಕ್ಕೆ ಬೀಳುತ್ತಾನೆ. ಇದನ್ನು ಕಾದಂಬರಿ ಎನ್ನಬೇಕೆ ಬೇಡವೇ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಒಪ್ಪಿತವಾಗಿರುವ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಲ್ಲಿ ಬಂದದ್ದು 1899ರಲ್ಲಿ, ಅಂದರೆ ಇದಾದ 76 ವರ್ಷಕ್ಕೆ.

ನಡುವಿನ ಕಾಲದಲ್ಲಿ ಮೈಸೂರು ಸೀಮೆಯ ಓದುಗರ ಹಸಿವು ನೀಗಿಸಿದ್ದು ಬಂಗಾಳ. ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿದ್ದ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರ ‘ದುರ್ಗೇಶನಂದಿನಿ’, ‘ಆನಂದಮಠ’, ‘ವಿಷವೃಕ್ಷ’ಗಳನ್ನು ಕನ್ನಡಕ್ಕೆ ತಂದರು. ಆಮೇಲೆ 1915ರಲ್ಲಿ ಬಂದದ್ದು ಮೈಸೂರಿನಲ್ಲೇ ಹುಟ್ಟಿದ ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’. ಅದರ ಕತೆ ನಡೆಯುವುದು ಮುಮ್ಮಡಿಯವರ ಕಾಲದಲ್ಲಿ. ತೊಂಬತ್ತು ವರ್ಷಗಳ ಹಿಂದೆ ಯಾವ ದೊರೆಯ ಆಸ್ಥಾನಕ್ಕಾಗಿ ಕತೆ ಬರೆಯಲಾಗಿತ್ತೋ, ಆ ದೊರೆಯ ಕಾಲದ ಹಳ್ಳಿ, ಮನೆತನ, ಕಚೇರಿಗಳನ್ನು ಈಗ ಸಾಮಾನ್ಯ ಓದುಗ ದುಡ್ಡು ಕೊಟ್ಟು ತಂದ ಪುಸ್ತಕದಲ್ಲಿ ಓದುತ್ತಿದ್ದ.

ಅಷ್ಟು ಹೊತ್ತಿಗಾಗಲೇ ಮೈಸೂರಿನ ದಕ್ಷಿಣಕ್ಕೆ, ಕಪಿಲೆಯ ದಡದ ನಂಜನಗೂಡಿನಲ್ಲಿ ಇದಕ್ಕಿಂತ ದೊಡ್ಡ ಸಂಗತಿಯೊಂದು ನಡೆದಿತ್ತು. ಬಾಲ್ಯದಲ್ಲೇ ಮದುವೆಯಾಗಿ, 14ನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡ ತಿರುಮಲಾಂಬ ಎಂಬ ಹುಡುಗಿ ತಂದೆಯ ಮನೆಯಲ್ಲಿ ಕೂತು ಓದಿದಳು. ವಕೀಲರಾಗಿದ್ದ ತಂದೆ ಅದಕ್ಕೆ ಒತ್ತಾಸೆಯಾದರು. ಓದು ಬರವಣಿಗೆಗೆ ದಾರಿಯಾಯಿತು. 1913ರಲ್ಲಿ ‘ಸುಶೀಲೆ’ ಕಾದಂಬರಿ ಬಂತು. ಬರೆದು ಸುಮ್ಮನಾಗದೆ ತಿರುಮಲಾಂಬ ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನು ಕಟ್ಟಿದರು, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ವಿಧವೆ ಹಜಾರಕ್ಕೂ ಬರಬಾರದೆನ್ನುತ್ತಿದ್ದ ಮನೆಗಳ ಕಾಲವದು. ಅಂಥ ಕಾಲದಲ್ಲಿ ಒಬ್ಬ ವಿಧವೆ ಲೇಖಕಿಯಾಗಿ, ಸಂಪಾದಕಿಯಾಗಿ, ಪ್ರಕಾಶಕಿಯಾಗಿ ಅಂಚೆಯ ಮೂಲಕ ಬೇರೆ ಹೆಣ್ಣುಮಕ್ಕಳ ಅಡುಗೆಮನೆಗೆ ಪುಸ್ತಕ ಮುಟ್ಟಿಸಿದರು.

ಅವರ ನಾಯಕಿಯರು ಇಂದಿನ ಓದುಗರಿಗೆ ತೀರಾ ಸಹನೆಯವರಾಗಿ, ತೀರಾ ಸತಿಯರಾಗಿ ಕಾಣಬಹುದು. ಆ ದೂರು ನ್ಯಾಯವಾದದ್ದೇ. ಆದರೂ ಓದುವ ಹೆಣ್ಣು ಕೆಡುತ್ತಾಳೆ ಎಂದು ನಂಬಿದ್ದ ಮನೆಗಳ ಬಾಗಿಲು ದಾಟಲು ಪತಿವ್ರತೆಯ ಕತೆಗಿಂತ ಒಳ್ಳೆಯ ರಹದಾರಿ ಬೇರೆ ಇರಲಿಲ್ಲ. ಅದರೊಳಗೇ ತಿರುಮಲಾಂಬ ಹೆಣ್ಣುಮಕ್ಕಳ ವಿದ್ಯೆಯ ಮಾತನ್ನು ಸೇರಿಸಿ ಕಳುಹಿಸಿದರು. ಕನ್ನಡ ಸಾಹಿತ್ಯಲೋಕ ಮುಂದೆ ಅವರನ್ನು ದಶಕಗಳ ಕಾಲ ಮರೆತೇಬಿಟ್ಟಿತು. 1982ರವರೆಗೆ ಅವರು ಬದುಕಿದ್ದರು ಎಂಬುದನ್ನು ನೆನೆದರೆ ಆ ಮರೆವು ಇನ್ನಷ್ಟು ನೋಯಿಸುತ್ತದೆ. ಸಿ.ಎನ್. ಮಂಗಳಾ ಅವರಂಥವರು ಹುಡುಕಿ ಬರೆಯದಿದ್ದರೆ ಇವತ್ತಿಗೂ ನಮಗೆ ಆ ಹೆಸರು ಗೊತ್ತಿರುತ್ತಿತ್ತೋ ಇಲ್ಲವೋ.

ಮೂವತ್ತರ ದಶಕಕ್ಕೆ ಕಾದಂಬರಿ ಮಹಾರಾಜಾ ಕಾಲೇಜಿನ ಅಂಗಳಕ್ಕೆ ಬಂದಿತ್ತು. ಆರ್.ಕೆ. ನಾರಾಯಣ್ ಅವರ ತಂದೆ ಮೈಸೂರಿನಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಆ ಶಾಲೆಯ ಪುಸ್ತಕ ಭಂಡಾರವೇ ಮಗನ ಸಾಮ್ರಾಜ್ಯ. ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ ಕೈಗೆ ಬಂದ ವರ್ಷವನ್ನು ಅವರು ಕಳೆದದ್ದು ಕುಕ್ಕರಹಳ್ಳಿ ಕೆರೆಯ ಸುತ್ತ ಅಡ್ಡಾಡುತ್ತ, ಸ್ಕಾಟ್, ಡಿಕನ್ಸ್, ಮೇರಿ ಕೊರೆಲಿಯರ ಕತೆಗಳನ್ನು ಓದುತ್ತ. ಮುಂದೆ 1935ರಲ್ಲಿ ಲಂಡನ್ನಿನಲ್ಲಿ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾಯಿತು. ಅದೇ ಕೆರೆಯ ಏರಿಯ ಮೇಲೆ ಸಂಜೆ ನಡೆಯುತ್ತಿದ್ದ ಕನ್ನಡ ಅಧ್ಯಾಪಕ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಬಂದದ್ದು 1936ರಲ್ಲಿ. ಒಂದೇ ಊರು, ಒಂದೇ ಕಾಲೇಜು, ಒಂದು ವರ್ಷದ ಅಂತರ. ಒಬ್ಬರು ಮಾಲ್ಗುಡಿ ಎಂಬ ಇಲ್ಲದ ಊರನ್ನು ಕಟ್ಟಿದರು, ಇನ್ನೊಬ್ಬರು ಮೈಸೂರಿನಲ್ಲಿ ಕೂತು ಮಲೆನಾಡಿನ ಕಾಡು, ಗಡಂಗು, ಒಕ್ಕಲು, ಹೆಗ್ಗಡೆಗಳನ್ನು ಕಣ್ಣೆದುರು ತಂದರು. ಈ ಎರಡನ್ನೂ ಒಂದೇ ವಾರದಲ್ಲಿ ಓದಿದರೆ ಮಾತ್ರ ಆ ದಶಕದ ಮೈಸೂರಿನ ಮನಸ್ಸು ಎಷ್ಟು ಅಗಲವಾಗಿತ್ತು ಎಂಬುದು ತಿಳಿಯುತ್ತದೆ.

ಹೆಣ್ಣುಮಕ್ಕಳ ಓದಿನ ನಿಜವಾದ ಹೊಳೆ ಹರಿದದ್ದು ಐವತ್ತರ ದಶಕದಲ್ಲಿ, ಚಾಮರಾಜಪುರಂನ ಒಂದು ಮನೆಯಿಂದ. ಅನಸೂಯಾ ಶಂಕರ್, ಅಂದರೆ ತ್ರಿವೇಣಿ, ಬಿ.ಎಂ.ಶ್ರೀ. ಅವರ ತಮ್ಮನ ಮನೆಯ ಮಗು ಎನ್ನುವುದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಅವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ 1947ರಲ್ಲಿ ಚಿನ್ನದ ಪದಕದೊಂದಿಗೆ ಬಿ.ಎ. ಮುಗಿಸಿದವರು ಎಂಬುದು. ದೇಶದಲ್ಲೇ ಮೊದಮೊದಲಿನ ಮನಶ್ಶಾಸ್ತ್ರ ವಿಭಾಗಗಳಲ್ಲಿ ಮೈಸೂರಿನದೂ ಒಂದು. ಅದನ್ನು ಕಟ್ಟಿ ಬೆಳೆಸಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಖಾಸಗಿ ಬಾನುಲಿಯನ್ನೂ ನಡೆಸಿದವರು. ಆ ವಿಭಾಗದ ಪಾಠ ‘ಬೆಕ್ಕಿನ ಕಣ್ಣು’, ‘ದೂರದ ಬೆಟ್ಟ’, ‘ಶರಪಂಜರ’ಗಳ ಮೂಲಕ ಕಾಲೇಜು ಮೆಟ್ಟಿಲು ಹತ್ತದ ಗೃಹಿಣಿಯರಿಗೂ ತಲುಪಿತು.

‘ಶರಪಂಜರ’ವನ್ನು ಹತ್ತಿರದಿಂದ ನೋಡಬೇಕು. ಕಾವೇರಿಯ ಮನಸ್ಸು ಬಾಣಂತನದ ನಂತರ ಕದಡುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ ಅವಳು ಗುಣವಾಗಿ ಬರುತ್ತಾಳೆ. ರೋಗಿಗೆ ರೋಗ ಬಿಟ್ಟರೂ ಮನೆಯವರಿಗೆ ಅನುಮಾನ ಬಿಡುವುದಿಲ್ಲ. ಅವಳು ನಕ್ಕರೂ, ಅತ್ತರೂ, ಸುಮ್ಮನಿದ್ದರೂ ಅದು ಹುಚ್ಚಿನ ಗುರುತಾಗಿ ಕಾಣತೊಡಗುತ್ತದೆ. ಕೊನೆಗೆ ಅವಳನ್ನು ಮತ್ತೆ ಆಸ್ಪತ್ರೆಗೆ ದೂಡುವುದು ಆ ನೋಟಗಳೇ. ಅರವತ್ತರ ದಶಕದ ಆರಂಭದಲ್ಲಿ, ಬಾಣಂತಿಯ ಮನೋರೋಗಕ್ಕೆ ದೆವ್ವದ ಹೆಸರು ಹೇಳುತ್ತಿದ್ದ ಮನೆಗಳಲ್ಲಿ ಈ ಪುಸ್ತಕ ಕೈಯಿಂದ ಕೈಗೆ ಓಡಾಡಿತು. ಪುಟ್ಟಣ್ಣ ಕಣಗಾಲ್ 1967ರಲ್ಲಿ ‘ಬೆಳ್ಳಿಮೋಡ’ವನ್ನೂ 1971ರಲ್ಲಿ ‘ಶರಪಂಜರ’ವನ್ನೂ ಸಿನಿಮಾ ಮಾಡಿದಾಗ ಅದನ್ನು ನೋಡಲು ತ್ರಿವೇಣಿ ಇರಲಿಲ್ಲ. 1963ರಲ್ಲಿ, 35 ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಹತ್ತು ವರ್ಷದ ಬರವಣಿಗೆ, ಸುಮಾರು 20 ಕಾದಂಬರಿ. ಇದನ್ನು ಹದಿಹರೆಯದ ಓದೆಂದು ತಳ್ಳುವ ವಿಮರ್ಶೆ ಪುಸ್ತಕವನ್ನು ಬಿಡಿಸಿಯೇ ನೋಡಿಲ್ಲ.

ಆ ಕಾಲದ ಓದಿಗೆ ತನ್ನದೇ ಏರ್ಪಾಡುಗಳಿದ್ದವು. ಬಡಾವಣೆಗಳಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳು: ಸ್ವಲ್ಪ ಠೇವಣಿ, ದಿನಕ್ಕಿಷ್ಟು ಬಾಡಿಗೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಸಂಜೆ ಕಾಫಿಗೆ ನೀರಿಡುವವರೆಗಿನ ಹೊತ್ತು ಕಾದಂಬರಿಯದು. ವಾರಪತ್ರಿಕೆ ಬಂದ ದಿನ ಧಾರಾವಾಹಿಯ ಪುಟಗಳಿಗೆ ಮನೆಯಲ್ಲೇ ಸರದಿ. ಎಲ್ಲರೂ ಓದಿಯಾದ ಮೇಲೆ ಆ ಪುಟಗಳನ್ನು ಬಿಡಿಸಿ ಕಂತಿನ ಪ್ರಕಾರ ಜೋಡಿಸಿಟ್ಟು, ಕತೆ ಮುಗಿದಾಗ ದಬ್ಬಣದಲ್ಲಿ ಹೊಲಿದು ರಟ್ಟು ಹಾಕಿಸುತ್ತಿದ್ದರು. ಹಳೆಯ ಮನೆಗಳ ಅಟ್ಟದಲ್ಲಿ ಇಂಥ ಹೊಲಿದ ಕಾದಂಬರಿಗಳು ಇನ್ನೂ ಸಿಗುತ್ತವೆ. ಪುಟದ ಹಿಂಬದಿಯಲ್ಲಿ ಹೊಲಿಗೆ ಯಂತ್ರದ ಅರ್ಧ ಜಾಹೀರಾತು, ಯಾರದೋ ಚುಟುಕ.

1965ರಲ್ಲಿ ಓದುಗ ಮತ್ತೆ ನಂಜನಗೂಡಿಗೆ ಹೋಗಬೇಕಾಗುತ್ತದೆ. ಭೈರಪ್ಪನವರ ‘ವಂಶವೃಕ್ಷ’ ತೆರೆದುಕೊಳ್ಳುವುದು ಅಲ್ಲಿ. ಗಂಡ ಕಪಿಲೆಯ ಪಾಲಾದ ಮೇಲೆ ಕಾತ್ಯಾಯನಿ ಬಿ.ಎ. ಮುಗಿಸಲು ರೈಲಿನಲ್ಲಿ ಮೈಸೂರಿಗೆ ಓಡಾಡುತ್ತಾಳೆ, ಅಲ್ಲಿ ಅಧ್ಯಾಪಕ ರಾಜಾರಾಯನನ್ನು ಮೆಚ್ಚುತ್ತಾಳೆ. ಒಂದು ಕಡೆ ಶ್ರೀನಿವಾಸ ಶ್ರೋತ್ರಿಯರ ಮನೆ, ಮಗು, ವಂಶ. ಇನ್ನೊಂದು ಕಡೆ ಅವಳ ವಯಸ್ಸು, ಆಸೆ. ನಡುವೆ ಆ ರೈಲು. ಕಾದಂಬರಿ ಅವಳನ್ನು ಕೊನೆಗೆ ಅಪರಾಧಪ್ರಜ್ಞೆಯಲ್ಲಿ ಬೇಯಿಸುತ್ತದೆ. ತಿರುಮಲಾಂಬ ಬಾಳಿದ ಊರಿನ, ಅವರಂಥದೇ ವಿಧಿಯ ಹೆಣ್ಣಿನ ಕತೆ ಇದು, ಅವರ ಮೊದಲ ಕಾದಂಬರಿ ಬಂದ 52 ವರ್ಷಕ್ಕೆ ಒಬ್ಬ ಗಂಡಸು ಬರೆದದ್ದು. ನಿಜವಾದ ವಿಧವೆ ಪುಸ್ತಕಮಾಲೆ ಕಟ್ಟಿ ನಿಂತಳು, ಕಾದಂಬರಿಯ ವಿಧವೆ ಸೋತಳು. ಶ್ರೋತ್ರಿಯರ ಪಾತ್ರದ ಎತ್ತರಕ್ಕೆ ತಲೆಬಾಗುವ ಓದುಗರು ಈ ವ್ಯತ್ಯಾಸದ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು.

ಅದೇ ನಂಜನಗೂಡು ತಾಲ್ಲೂಕಿನಲ್ಲೇ ದೇವನೂರು ಇದೆ. ಶ್ರೋತ್ರಿಯರ ಮನೆಯ ಜಗಲಿಯಿಂದ ಕಾಣದಿದ್ದ ಹಟ್ಟಿಯನ್ನು ದೇವನೂರ ಮಹಾದೇವ 1978ರ ‘ಒಡಲಾಳ’ದಲ್ಲಿ ತೋರಿಸಿದರು. ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ. ರಾತ್ರಿ ಮನೆಗೆ ಕದ್ದ ಕಡಲೆಕಾಯಿ ಮೂಟೆ ಬರುತ್ತದೆ. ಒಲೆಯ ಸುತ್ತ ಮಕ್ಕಳು ಮರಿ ಎಲ್ಲ ಕೂತು ತಿನ್ನುತ್ತಾರೆ, ಸಿಪ್ಪೆ ಬೆಂಕಿಗೆ ಬೀಳುತ್ತದೆ, ಮೂಟೆ ಕರಗುತ್ತದೆ. ಪೊಲೀಸರು ಹುಡುಕಿಕೊಂಡು ಬಂದಾಗ ಅಲ್ಲಿ ಕದ್ದ ಮಾಲೇ ಇಲ್ಲ. ಹಸಿವನ್ನು ಕುರಿತು ಒಂದು ಮಾತೂ ಭಾಷಣ ಮಾಡದೆ ಹಸಿವನ್ನು ಹಬ್ಬವಾಗಿಸಿದ ಇಂಥ ರಾತ್ರಿ ಕನ್ನಡದಲ್ಲಿ ಇನ್ನೊಂದಿಲ್ಲ. 1984ರ ‘ಕುಸುಮಬಾಲೆ’ಯಲ್ಲಿ ದೀಪದ ಜೋತಮ್ಮಗಳು ಕೂಡಿ ಮಾತಾಡುತ್ತವೆ. ಅಲ್ಲಿನ ಭಾಷೆ ನಂಜನಗೂಡು, ಚಾಮರಾಜನಗರ ಸೀಮೆಯ ಆಡುನುಡಿ. ಬೆಂಗಳೂರಿನ ಓದುಗರು ಕಷ್ಟವೆಂದರು. ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ ದಿನವೂ ಕಿವಿಗೆ ಬೀಳುವ ಮಾತು ಅದು. ಗಟ್ಟಿಯಾಗಿ ಓದಿದರೆ ಸಲೀಸಾಗಿ ತೆರೆದುಕೊಳ್ಳುತ್ತದೆ.

ಚದುರಂಗರ ‘ವೈಶಾಖ’, ಆಲನಹಳ್ಳಿ ಕೃಷ್ಣರ ‘ಕಾಡು’, ‘ಪರಸಂಗದ ಗೆಂಡೆತಿಮ್ಮ’ ಇದೇ ಸೀಮೆಯವು. ಅರಸು ಮನೆತನದ ಚದುರಂಗರು ಹಳ್ಳಿಯ ಕಡೆ ತಿರುಗಿದ ದಾರಿ ಬೇರೊಂದು ಲೇಖನಕ್ಕಾಗುವಷ್ಟಿದೆ.

ಈಚಿನ ವರ್ಷಗಳಲ್ಲಿ ಮೈಸೂರಿಗರು ಕಾದಂಬರಿಯನ್ನು ಒಟ್ಟಿಗೆ ಕೂತು ‘ಓದಿದ್ದಾರೆ’ ಕೂಡ. 2010ರಲ್ಲಿ ಸಿ. ಬಸವಲಿಂಗಯ್ಯ ರಂಗಾಯಣದ ಆವರಣದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಆಡಿಸಿದಾಗ ಜನ ಶಾಲು ಹೊದ್ದು, ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಎದ್ದು ನಡೆಯುತ್ತ ಇಡೀ ರಾತ್ರಿ ಕಳೆದರು. 2021ರಲ್ಲಿ ಭೈರಪ್ಪನವರ ‘ಪರ್ವ’ವೂ ಅಲ್ಲೇ ದಿನವಿಡೀ ನಡೆಯುವ ನಾಟಕವಾಯಿತು. ಆಸ್ಥಾನದಲ್ಲಿ ಕೇಳಿಸುತ್ತಿದ್ದ ಕತೆ ಸುತ್ತಿ ಬಳಸಿ ಮತ್ತೆ ಜನರ ನಡುವೆ ದನಿಯಾಗಿ ನಿಂತಿತು.

ಅದೇ 2021ರ ಏಪ್ರಿಲ್‌ನಲ್ಲಿ ರಾಜೀವ್‌ನಗರದಲ್ಲಿ ಒಂದು ಗ್ರಂಥಾಲಯ ಸುಟ್ಟುಹೋಯಿತು. ಶಾಲೆಗೆ ಹೋಗಲು ಸಾಧ್ಯವಾಗದ, ಕೂಲಿ ಮಾಡಿ ಬದುಕುವ ಮುಸ್ಲಿಂ ಹಿರಿಯರೊಬ್ಬರು ತಮ್ಮ ದುಡಿಮೆಯ ದುಡ್ಡಿನಲ್ಲಿ ಬಡಾವಣೆಯ ಜನಕ್ಕಾಗಿ ನಡೆಸುತ್ತಿದ್ದ, ಕನ್ನಡ ಪುಸ್ತಕಗಳೇ ಹೆಚ್ಚಾಗಿದ್ದ ಗ್ರಂಥಾಲಯ. ಸುಮಾರು 11 ಸಾವಿರ ಪುಸ್ತಕ ಬೂದಿಯಾದವು. ಸುದ್ದಿ ಹರಡಿದ ಕೆಲವೇ ದಿನಗಳಲ್ಲಿ ದೇಶದ ಮೂಲೆಮೂಲೆಯಿಂದ ಪುಸ್ತಕ, ಹಣ ಬರತೊಡಗಿತು. ಆ ಹಿರಿಯರು ಮತ್ತೆ ಗ್ರಂಥಾಲಯ ನಡೆಸುವುದಾಗಿಯೇ ಹೇಳಿದರು.

ಮೈಸೂರಿನ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ತಿಂಗಳ ಓದಿಗೆ ಪುಸ್ತಕ ಆರಿಸುವಾಗ ನಿಮ್ಮ ಮೆಚ್ಚಿನ ಲೇಖಕರ ಜೊತೆಗೆ ನೀವು ಈವರೆಗೆ ದೂರವಿಟ್ಟ ಒಬ್ಬರನ್ನೂ ಸೇರಿಸಿಕೊಳ್ಳಿ. ಹತ್ತಿರದ ಗ್ರಂಥಾಲಯಕ್ಕೆ ಹೋಗಿ ನಂಜನಗೂಡು ತಿರುಮಲಾಂಬ ಅವರ ‘ಸುಶೀಲೆ’ ಇದೆಯೇ ಎಂದು ಕೇಳಿ. ಇಲ್ಲವೆಂದರೆ, ತರಿಸಿಕೊಡಿ ಎಂದು ಒಂದು ಚೀಟಿ ಬರೆದು ಗ್ರಂಥಪಾಲಕರ ಕೈಗೆ ಕೊಟ್ಟು ಬನ್ನಿ.